ಎಳ್ಳಮಾಸಿಯ ಮರುದಿನ ಹುಟ್ಟಿದವಳು

ಆಯಿ, ನನ್ನಪ್ಪನ ತಾಯಿ, ತೀರಿಕೊಂಡ ಮೂರನೆಯ ದಿನ, ಪತ್ರಿಕೆಗೆ ಶ್ರದ್ಧಾಂಜಲಿ ಕೊಡಬೇಕೆಂದು ದೊಡ್ಡ ಕಾಕಾ ಹಾಳೆ ಪೆನ್ನು ಹಿಡಿದು ಕುಳಿತರು. ಹೆಸರು ಬರೆದರು, ಊರು ಚಿದ್ರಿ ಎಂದು ಬರೆದರು. ಜನನ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಆಧಾರ್ ಕಾರ್ಡಿನಲ್ಲಿ 01-01-1940 ಎಂದಿತ್ತು. ನಮ್ಮ ಓಣಿಯ ಅರ್ಧ ಮುದುಕ ಮುದುಕಿಯರು ಹುಟ್ಟಿದ್ದು ಜನವರಿ ಒಂದಕ್ಕೇ. ತಾರೀಖು ಗೊತ್ತಿಲ್ಲ ಎಂದವರಿಗೆಲ್ಲ ಕಾರ್ಡು ಮಾಡುವವರು ಅದನ್ನೇ ಹಂಚಿದ್ದರು.

"ಇದು ಸುಳ್ಳು ಅದ" ಎಂದಳು ಅತ್ತಿ.

"ಹಂಗಾದ್ರ ಖರೆ ಯಾವ್ದು?" ಎಂದರು ಕಾಕಾ. ಯಾರೂ ಮಾತಾಡಲಿಲ್ಲ.

ಮನೆಯವರೆಲ್ಲರ ಲೆಕ್ಕ ಇಟ್ಟಿದ್ದವಳು ಆಯಿಯೇ. ದೊಡ್ಡ ಕಾಕಾ ಹುಟ್ಟಿದ್ದು ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಅಂದರೆ 1956. ಅಪ್ಪ ಹುಟ್ಟಿದ್ದು ಊರ ಪಕ್ಕದಲ್ಲಿ ವಿಮಾನದ ಶಾಲೆ ಶುರುವಾದ ವರ್ಷ. ಇಲ್ಲಿ ವಾಯುಪಡೆಯ ತರಬೇತಿ ಆರಂಭವಾದದ್ದು 1963ರಲ್ಲಿ. ಸಣ್ಣ ಅತ್ತಿ ಬರಗಾಲದ ಕೂಸು. 1972ರಲ್ಲಿ ಆಯಿ ಬಸುರಿ ಹೊಟ್ಟೆ ಹೊತ್ತುಕೊಂಡೇ ರಸ್ತೆಗೆ ಜಲ್ಲಿ ಒಡೆಯಲು ಹೋಗಿದ್ದಳಂತೆ. "ಏಳು ಹಡದೀನಿ, ಐದು ಉಳದಾವ" ಎನ್ನುತ್ತಿದ್ದಳು. ಹೋದ ಎರಡನ್ನೂ ಎಣಿಕೆಯಿಂದ ಬಿಡುತ್ತಿರಲಿಲ್ಲ. ತನ್ನ ಹುಟ್ಟಿನ ಬಗ್ಗೆ ಕೇಳಿದರೆ ಎರಡೇ ಮಾತು: ಅಣ್ಣನಿಗೆ ಮೂರನೆಯ ವರ್ಷ ನಡೆದಿತ್ತು, ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಹೋದಾಗ ಅವಳವ್ವ ಬೇನೆ ತಿನ್ನುತ್ತ ಮನೆಯಲ್ಲಿ ಉಳಿದಳು, ಮರುದಿನ ನಸುಕಿಗೆ ಇವಳು ಹುಟ್ಟಿದಳು.

ಬೀದರಿನವರಿಗೆ ಎಳ್ಳಮಾಸಿ ಏನೆಂದು ಹೇಳಬೇಕಿಲ್ಲ. ಹೊರಗಿನ ಓದುಗರಿಗಾಗಿ ಒಂದು ಮಾತು. ಮಾರ್ಗಶಿರದ ಈ ಎಳ್ಳಮಾವಾಸ್ಯೆಯಂದು ನಮ್ಮಲ್ಲಿ ಪೇಟೆ ಖಾಲಿ, ಹೊಲ ತುಂಬ ಜನ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಹೊಲಕ್ಕೆಲ್ಲ ಚರಗ ಚೆಲ್ಲುತ್ತೇವೆ. ಆಮೇಲೆ ಸಜ್ಜೆ ರೊಟ್ಟಿ, ಅಂಬಲಿ, ಹಸಿ ಕಡಲೆ, ಹಸಿ ತೊಗರಿ, ಸಿಕ್ಕ ಕಾಯಿಪಲ್ಲೆಯನ್ನೆಲ್ಲ ಹಾಕಿ ಕುದಿಸಿದ ಭಜ್ಜಿ. ಆ ಭಜ್ಜಿ ನಗರದ ಹೋಟೆಲುಗಳಿಗೂ ಬಂದಿದೆ ಎಂದು ಕೇಳಿದ್ದೇನೆ. ಹೊಲದ ಗಾಳಿಯಿಲ್ಲದೆ ಅದು ಬರೀ ಸಾರು.

ಆಯಿಯ ಹುಟ್ಟಿನ ಗಂಟು ಬಿಚ್ಚಿದ್ದು ಅವಳದೇ ಡಾಲ್ಡಾ ಡಬ್ಬಿ. ಮಕ್ಕಳ ಟಿಸಿ, ಮೊಮ್ಮಕ್ಕಳ ಲಸಿಕೆ ಚೀಟಿ, ಮುತ್ಯಾನ ಪಹಣಿ, ಎಲ್ಲವನ್ನೂ ಸುರುಳಿ ಸುತ್ತಿ ಅದರಲ್ಲಿ ಇಟ್ಟಿದ್ದಳು. ಅವಳದೊಂದು ಕಾಗದವೂ ಇರಲಿಲ್ಲ. ತಳದಲ್ಲಿ ಸಿಕ್ಕಿದ್ದು ಉರ್ದುವಿನಲ್ಲಿ ಬರೆದ, ಮಡಿಕೆ ಹರಿದ ಒಂದು ಹಾಳೆ. ಓಣಿಯ ನಿವೃತ್ತ ಉರ್ದು ಮಾಸ್ತರರು ಕನ್ನಡಕ ಏರಿಸಿ ಓದಿದರು. ಆಯಿಯ ಅಣ್ಣನ ಶಾಲೆಯ ಸರ್ಟಿಫಿಕೇಟು ಅದು. ಹುಟ್ಟಿದ್ದು ಖುರ್ದಾದ್ ತಿಂಗಳು, 1341 ಫಸಲಿ.

ನಿಜಾಮನ ರಾಜ್ಯದ ಕಚೇರಿಗಳು ಇಟ್ಟುಕೊಂಡಿದ್ದ ಲೆಕ್ಕ ಅದು. ವರ್ಷ ಶುರುವಾಗುತ್ತಿದ್ದುದು ಅಕ್ಟೋಬರಿನ ಮೊದಲ ವಾರದಲ್ಲಿ, ಆಜುರ್ ತಿಂಗಳಿಂದ. ಆಮೇಲೆ ದೈ, ಬಹಮನ್, ಇಸ್ಫಂದಾರ್ ಎಂದು ಪಾರಸಿ ಹೆಸರುಗಳು. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ, ಜನವರಿ ಬಂದಿದ್ದರೆ 591. ಮಾಸ್ತರರು ಬೆರಳು ಮಡಚಿ ಲೆಕ್ಕ ಹಾಕಿದರು: ಅಣ್ಣ ಹುಟ್ಟಿದ್ದು 1932ರ ಏಪ್ರಿಲ್ ಹೊತ್ತಿಗೆ. ಅವನಿಗೆ ಮೂರನೆಯ ವರ್ಷ ನಡೆಯುತ್ತಿದ್ದಾಗ ಬಂದ ಎಳ್ಳಮಾಸಿ ಒಂದೇ, 1935ರ ಜನವರಿ 5. ಅಂದರೆ ಆಯಿ ಹುಟ್ಟಿದ್ದು ಜನವರಿ 6ರ ನಸುಕಿಗೆ, ಇಸ್ಫಂದಾರ್ 1344 ಫಸಲಿ. ಸರ್ಕಾರ ಅವಳ ಲೆಕ್ಕದಲ್ಲಿ ಐದು ವರ್ಷ ನುಂಗಿತ್ತು. "ಐದ್ ವರ್ಷದ ಪಿಂಚಣಿ ಹೋಯ್ತಲ್ಲೋ" ಎಂದು ಅಪ್ಪ ನಕ್ಕವರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಆ ಅಣ್ಣ ಓದಿದ್ದು ಭಾಲ್ಕಿಯಲ್ಲಿ. ಆಗ ಶಾಲೆಯೆಂದರೆ ಉರ್ದು. ಕನ್ನಡ ಬೇಕಾದವರಿಗೆ ಹಿರೇಮಠದ ಚನ್ನಬಸವ ಪಟ್ಟದ್ದೇವರಿದ್ದರು. ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಕತೆಯನ್ನು ಭಾಲ್ಕಿಯ ಕೂಸೂ ಹೇಳೀತು. 1889ರಲ್ಲಿ ಹುಟ್ಟಿದ ಅವರು 1999ರವರೆಗೆ ಬದುಕಿದರು. ಅಣ್ಣ ರಜೆಗೆ ಊರಿಗೆ ಬಂದಾಗ ಒಲೆಯ ಬೂದಿ ಹರಡಿ ತಂಗಿಗೆ ಅಕ್ಷರ ತೀಡಿಸಿದ್ದ. ಅವಳಿಗೆ ಅಷ್ಟೇ ಶಾಲೆ. ಬಸ್ಸಿನ ಬೋರ್ಡು ಓದುವಷ್ಟು ಬಂತು. ರೊಕ್ಕದ ಲೆಕ್ಕ ಮಾತ್ರ ಕೊನೆಯವರೆಗೂ ಉರ್ದುವಿನಲ್ಲೇ: ದೇಢ್, ಅಢಾಯಿ, ಪಂದ್ರಾ.

ಅವಳಿಗೆ ಹದಿಮೂರು ತುಂಬಿ ಎಂಟು ತಿಂಗಳಿಗೆ, ನಿಜಾಮನ ರಾಜ್ಯಕ್ಕೆ ಭಾರತದ ಫೌಜು ಬಂದ ಪುಲೀಸ್ ಆಕ್ಷನ್ ಆಯಿತು. 1948ರ ಸೆಪ್ಟೆಂಬರ್ 13ರಿಂದ ಐದು ದಿನ. ಅದಕ್ಕೂ ಮುಂಚೆ ನಿಜಾಮನ ಪರದ ರಜಾಕಾರರು ಬಂದರೆಂಬ ಸುದ್ದಿಗೆ ಹೆಣ್ಣುಮಕ್ಕಳೆಲ್ಲ ಮುಂಗಾರಿ ಜೋಳದ ಹೊಲದಲ್ಲಿ ರಾತ್ರಿ ಕಳೆದದ್ದನ್ನು ಆಯಿ ಹೇಳುತ್ತಿದ್ದಳು. ಇಷ್ಟನ್ನು ಎಲ್ಲ ಮನೆಯ ಆಯಿಯಂದಿರೂ ಹೇಳುತ್ತಾರೆ. ಅವಳು ಇನ್ನೊಂದು ಕತೆಯನ್ನೂ ಹೇಳುತ್ತಿದ್ದಳು, ದನಿ ತಗ್ಗಿಸಿ. ಫೌಜು ಬಂದ ಮೇಲೆ ಭಯ ಮನೆ ಬದಲಿಸಿತು. ಪಕ್ಕದ ಮುಸಲ್ಮಾನ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಇವರ ಹೊಟ್ಟಿನ ಮನೆಯೊಳಗೆ ನಾಲ್ಕು ದಿನ ಕುಳಿತಿದ್ದಳು. ರೊಟ್ಟಿ ಒಯ್ದು ಕೊಡುತ್ತಿದ್ದವಳು ಆಯಿ. ಆ ದಿನಗಳಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರೂ ಒಂದೆಂದು ಸುಂದರಲಾಲ್ ಸಮಿತಿ ಬರೆದದ್ದನ್ನು ನಾನು ಓದಿದ್ದು ಬಹಳ ತಡವಾಗಿ. "ಯಾರ ಮಕ್ಳಾದ್ರೇನು, ಹಸಿವಿಗಿ ಒಂದೇ ದನಿ" ಎಂದು ಆಯಿ ಅದಕ್ಕೂ ಮುಂಚೆಯೇ ಹೇಳಿಯಾಗಿತ್ತು.

ಮರುವರ್ಷ ಮದುವೆಯಾಗಿ ಚಿದ್ರಿಗೆ ಬಂದಳು. ಅಲ್ಲಿ ಭಾಲ್ಕಿ ಕಡೆಯ ಕರಿ ಎರೆ, ಇಲ್ಲಿ ಕೆಂಪು ಕಲ್ಲಿನ ನೆಲ. "ನೆಲಾ ಬದಲಾಯ್ತು, ರೊಟ್ಟಿ ಬದಲಾಗ್ಲಿಲ್ಲ" ಎನ್ನುತ್ತಿದ್ದಳು. ಊರ ಪಕ್ಕದಲ್ಲಿ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ ಮಾಡಿದ ವಿಮಾನದ ಬಯಲಿತ್ತು. ಮುಂದೆ ಅವಳ ಇಡೀ ಬಾಳು ಅದರ ಸದ್ದಿನ ಕೆಳಗೇ ಕಳೆಯಿತು. ಮಾಳಿಗೆಯ ಮೇಲೆ ಹಪ್ಪಳ ಹರವುವಾಗ, ತೊಗರಿ ಕೇರುವಾಗ, ತೊಟ್ಟಿಲು ತೂಗುವಾಗ ತಲೆಯ ಮೇಲೆ ಕಿರಣ್ ವಿಮಾನಗಳು. ನಮ್ಮ ಮನೆಯ ಕೂಸುಗಳು ಗುಡುಗಿಗೆ ಬೆಚ್ಚಿದ್ದಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿಗೆ ಮಾತ್ರ ಎಲ್ಲರೂ ಬೆಚ್ಚಿದರು. ಹಿಂದಿನ ದಿನ ಗಣಪತಿ ಕಳಿಸಿ ದಣಿದು ಮಲಗಿದ್ದ ಹೊತ್ತು, ಇನ್ನೂ ನಾಲ್ಕಾಗಿರಲಿಲ್ಲ. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿದ್ದು ನಮ್ಮ ಮಾಳಿಗೆಗೂ ತಾಕಿತು. ನಾನಾಗ ಮೂರು ತಿಂಗಳ ಕೂಸು. ಆಯಿ ತೊಟ್ಟಿಲಿಂದ ನನ್ನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಕತ್ತಲಲ್ಲೇ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದಳು. ಒಂದು ತಲೆ ಕಡಿಮೆ ಬಂತೆಂದು ಬಿರುಕು ಬಿಟ್ಟ ಮನೆಯೊಳಗೆ ಮತ್ತೆ ನುಗ್ಗಲು ಹೊರಟವಳನ್ನು ಅವ್ವ ತಡೆದು ಹೇಳಿದಳಂತೆ: "ಅತ್ತಿ, ನಿಮ್ಮ ತಲಿ ಎಣಿಸಿಲ್ಲ ನೀವು." ಗಡಿಯಾಚೆ ಕಲ್ಲು ಮಣ್ಣಿನ ಅಂಥವೇ ಮನೆಗಳ ಕೆಳಗೆ ಹತ್ತಿರ ಹತ್ತಿರ 10,000 ಜನ ಸತ್ತರು.

ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ಇಲ್ಲೇ. ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಕುವಂತೆ ಹಾರುವುದನ್ನು ನೋಡಲು ದೇಶದ ಜನ ಟಿಕೆಟ್ ಕೊಳ್ಳುತ್ತಾರೆ. ನಾವು ಬಚ್ಚಲಿಂದ ಹೊರಗೆ ಬಂದರೆ ಸಾಕಿತ್ತು. 2006ರ ಮಾರ್ಚ್‌ನಲ್ಲಿ ಅಭ್ಯಾಸದ ಹೊತ್ತಿಗೆ ಒಂದು ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. ಊರೆಲ್ಲ ಹೇಗೆ ಬಿತ್ತು, ಎಲ್ಲಿ ಬಿತ್ತು ಎಂದು ಮಾತಾಡುತ್ತಿದ್ದಾಗ ಆಯಿ ಕೇಳಿದ್ದು ಬೇರೆ. "ಅವರವ್ವಗೋಳಿಗಿ ಯಾರ್ ಹೇಳಿರ್ಬೇಕು?" ಅವತ್ತಿನಿಂದ ಅವಳಿಗೊಂದು ಚಟ ಅಂಟಿತು. ಸದ್ದು ಕೇಳಿದರೆ ಕೈಯಲ್ಲಿದ್ದುದನ್ನು ಬಿಟ್ಟು ಅಂಗಳಕ್ಕೆ ಬಂದು ಎಣಿಸುವುದು. ಮರಳಿ ಇಳಿಯುವಾಗ ಮತ್ತೆ ಎಣಿಸುವುದು. "ಒಂಬತ್ತೂ ಬಂದ್ವು" ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋಗುತ್ತಿದ್ದಳು. ಒಮ್ಮೆ ಹೀಗೆ ಎಣಿಸುತ್ತ ನಿಂತು ಹಂಚಿನ ಮೇಲಿನ ರೊಟ್ಟಿ ಸುಟ್ಟು, ಅವ್ವನಿಂದ ಬೈಸಿಕೊಂಡಿದ್ದೂ ಉಂಟು. 2011ರಲ್ಲಿ ತಂಡ ಕೆಲವು ವರ್ಷಗಳ ಮಟ್ಟಿಗೆ ನಿಂತುಹೋದಾಗ, ಎಣಿಸಲು ಏನೂ ಇಲ್ಲದ ಆಕಾಶ ನೋಡಿ ಕೆಲವು ದಿನ ಮಂಕಾಗಿದ್ದಳು.

2020ರ ಫೆಬ್ರುವರಿ 7ರಂದು ಬೆಂಗಳೂರಿಗೆ ಜನರ ವಿಮಾನ ಶುರುವಾಯಿತು. ಹತ್ತಿಸುತ್ತೇನೆ ಬಾ ಎಂದು ಕರೆದೆ. "ನಾ ಮ್ಯಾಲ ಹೋದ್ರ ಕೆಳಗ ಎಣಸೋರ್ ಯಾರು?" ಎಂದಳು. ಮರುವರ್ಷದ ಮಾರ್ಚ್‌ನಲ್ಲಿ ಹೋದಳು.

ಶ್ರದ್ಧಾಂಜಲಿಯಲ್ಲಿ ಕಾಕಾ ಕೊನೆಗೆ ವಯಸ್ಸು 86 ಎಂದು ಬರೆದರು. ಕಾಗದಪತ್ರಕ್ಕೆ ತಾಳೆಯಾಗುವುದಿಲ್ಲ ಎಂದು ಯಾರೋ ಅಂದರು. ಕಾಕಾ ಕೇಳಲಿಲ್ಲ.

ಅವಳು ಹೋದ ಮೇಲಿನ ಮೊದಲ ಎಳ್ಳಮಾಸಿಗೆ ಎಂದಿನಂತೆ ಹೊಲಕ್ಕೆ ಹೋದೆವು. ಕೊಂಪೆ ಕಟ್ಟಿ, ಪಾಂಡವರನ್ನಿಟ್ಟು, ಎಲ್ಲರೂ ಸಾಲಾಗಿ ಕುಳಿತೆವು. ಅವ್ವ ಭಜ್ಜಿ ಬಡಿಸುತ್ತಿದ್ದಳು. ಅಷ್ಟರಲ್ಲಿ ದೂರದಿಂದ ಸದ್ದು ಬಂತು. ಸೌಟು ಹಿಡಿದ ಕೈ ಹಾಗೇ ನಿಂತಿತು. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಬಾಯಿಂದ ಮಾತಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿದ್ದವು.