ವಿಮಾನದ ಹಿಡಿ, ಶುಂಠಿಯ ನೊರೆ

ಬೇತಮಂಗಲದ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಮೂರು ನಲ್ಲಿಗಳ ಒಂದು ಕಂಬ ನಿಂತಿದೆ. ಎತ್ತರ ಒಂದೂವರೆ ಅಡಿ. ಮೈಗೆ ಅಲ್ಯೂಮಿನಿಯಂ ತಗಡು, ತಗಡಿನ ಅಂಚಿಗುಂಟ ಸಾಲಾಗಿ ರಿವೆಟ್ಟು, ನೆತ್ತಿಯ ಮೇಲೆ ಗಡಿಯಾರದಂಥ ಒಂದು ಮಾಪಕ. ನಲ್ಲಿಗಳ ಹಿಡಿಗಳಿಗೆ ಕಪ್ಪು, ನೀಲಿ, ಕೆಂಪು ಬಣ್ಣ. ಸಣ್ಣ ವಿಮಾನದ ಕಾಕ್‌ಪಿಟ್ ನೋಡಿದವರಿಗೆ ಈ ಬಣ್ಣಗಳ ಗುರುತು ಕೂಡಲೇ ಹತ್ತುತ್ತದೆ. ಅಲ್ಲಿ ಕಪ್ಪು ಹಿಡಿ ಎಂಜಿನ್ನಿನ ಶಕ್ತಿಗೆ, ನೀಲಿ ಪ್ರೊಪೆಲ್ಲರಿಗೆ, ಕೆಂಪು ಇಂಧನ ಮತ್ತು ಗಾಳಿಯ ಮಿಶ್ರಣಕ್ಕೆ. ನಮ್ಮ ಜಗಲಿಯಲ್ಲಿ ಕಪ್ಪು ಎಳೆದರೆ ಶುಂಠಿ ಸೋಡಾ, ನೀಲಿ ಎಳೆದರೆ ಬರೀ ಸೋಡಾ, ಕೆಂಪು ಎಳೆದರೆ ನನ್ನಾರಿ.

ಇಂಥ ಕಂಬಕ್ಕೆ ಹೊರದೇಶಗಳಲ್ಲಿ ಬಿಯರ್ ಟವರ್ ಎನ್ನುತ್ತಾರೆ. ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ತಮ್ಮ ಇಷ್ಟದ ರೂಪಗಳನ್ನು ಅದಕ್ಕೆ ಕೊಡುತ್ತಾರೆ. ವಿಮಾನದ ಹುಚ್ಚಿರುವವರು ಪ್ರೊಪೆಲ್ಲರಿನ ಅಲಗನ್ನೋ ಎಂಜಿನ್ನಿನ ಸಿಲಿಂಡರನ್ನೋ ನಲ್ಲಿಯ ಕಂಬವಾಗಿಸುತ್ತಾರೆ. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಿಯರಿಗೆ ಪರವಾನಗಿಯ ಕಟ್ಟುಪಾಡು ತೆಗೆದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಈ ಹವ್ಯಾಸಕ್ಕೆ ದಾರಿ ಬಿಟ್ಟಿತು. ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಮ್ಮ ಮನೆಗೆ ಮಾತ್ರ ಎಂದರೂ ವಿನಾಯಿತಿ ಇಲ್ಲ. ಹಾಗಾಗಿ ನಮ್ಮ ಕಂಬದಲ್ಲಿ ಬಿಯರ್ ಹರಿಯುವುದಿಲ್ಲ. ಆದರೆ ಕಂಬ ಕಟ್ಟುವ ವಿದ್ಯೆಗೆ ಯಾರ ಅಡ್ಡಿಯೂ ಇಲ್ಲ. ಆ ವಿದ್ಯೆ ನಮ್ಮ ಸೀಮೆಗೆ ಹೊಸದೂ ಅಲ್ಲ.

ಒತ್ತಡ, ಕೊಳವೆ, ತಂಪು

ಬೇತಮಂಗಲದ ಕೆರೆ ಪಾಲಾರ್ ನದಿಯ ನೀರಿನದು. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ಈ ನದಿಯ ನೀರನ್ನು ಇಲ್ಲಿ ತಡೆದು, ಪಂಪಿನಿಂದ ಎತ್ತಿ, ಕೊಳವೆಯಲ್ಲಿ ಕೋಲಾರ ಚಿನ್ನದ ಗಣಿಗಳ ಊರಾದ ಕೆಜಿಎಫ್‌ಗೆ ಒಯ್ದರು. ಚಿನ್ನ ತೆಗೆದದ್ದು ಅವರ ಊರಾದರೆ, ಅವರ ಬಾಯಾರಿಕೆ ತಣಿಸಿದ್ದು ನಮ್ಮ ಊರು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿ ಕೆಲಸಕ್ಕೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಆ ಗಣಿಗಳಿಗೆ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಂಡೆ ಕೊರೆಯಲು ಬಿಗಿದ ಗಾಳಿಯನ್ನು ಕೊಳವೆಯಲ್ಲಿ ಇಳಿಸಬೇಕು, ಮನುಷ್ಯರು ಬದುಕಲು ತಂಪು ಗಾಳಿಯನ್ನು ಇಳಿಸಬೇಕು. ಒತ್ತಡ, ಕೊಳವೆ, ತಂಪು: ಇವು ಮೂರನ್ನು ಕೈವಶ ಮಾಡಿಕೊಂಡವರ ಊರು ಕೆಜಿಎಫ್. ಸೋಡಾ ಕಂಬ ಕಟ್ಟುವವನಿಗೆ ಬೇಕಾದದ್ದೂ ಇವು ಮೂರೇ.

ವಿಮಾನದ ನಂಟು ಬಂದದ್ದು ಇನ್ನೊಂದು ದಾರಿಯಿಂದ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ವಿಮಾನಗಳ ಜೊತೆಗೆ ಅಲ್ಲಿ ರೈಲು ಬೋಗಿಗಳೂ ತಯಾರಾಗುತ್ತಿದ್ದವು. 1964ರಲ್ಲಿ ಭಾರತ್ ಅರ್ತ್ ಮೂವರ್ಸ್, ಅಂದರೆ ಬಿಇಎಂಎಲ್, ಹುಟ್ಟಿದಾಗ ಆ ಬೋಗಿ ವಿಭಾಗವೇ ಅದರ ಬೀಜವಾಯಿತು. ಮುಂದೆ ಕೆಜಿಎಫ್‌ನಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ತಯಾರಿಸುವ ಕಾರ್ಖಾನೆ ಎದ್ದಿತು. ವಿಮಾನ ಕಾರ್ಖಾನೆಯ ಮಣ್ಣಿನಲ್ಲಿ ಮೊಳೆತ ಗಿಡದ ಒಂದು ಕೊಂಬೆ ನಮ್ಮೂರ ಪಕ್ಕಕ್ಕೇ ಚಾಚಿತು.

ನನ್ನ ತಾತ ಬೋಗಿ ವಿಭಾಗದಲ್ಲಿ ಫಿಟ್ಟರ್ ಆಗಿದ್ದವರು. ಆಮೇಲೆ ಬಿಇಎಂಎಲ್ಲಿಗೆ ಬಂದರು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಒಂದು ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ಅರಗಳು, ವರ್ನಿಯರ್, ರಿವೆಟ್ ಬಡಿಯುವ ಸ್ನ್ಯಾಪ್, ಹಿಂದಿನಿಂದ ಒತ್ತಿ ಹಿಡಿಯುವ ಡಾಲಿ. ಕಂಬ ಕಟ್ಟುವ ಆಸೆ ಹುಟ್ಟಿದ್ದು ಆ ಪೆಟ್ಟಿಗೆಯಿಂದ. ಉಪಕರಣಕ್ಕೆ ಕೆಲಸ ಕೊಡದೆ ಎಣ್ಣೆ ಹಚ್ಚಿ ಇಡುವುದು ಅದಕ್ಕೂ ಅವಮಾನ, ಬಳಸಿದ ಕೈಗೂ ಅವಮಾನ ಅನ್ನಿಸಿತು.

ತಗಡಿಗೆ ರಿವೆಟ್ಟು

ಕಂಬದ ಒಳಗೆ ಮೂರು ಅಂಗುಲದ ಸ್ಟೀಲ್ ಕೊಳವೆ, ಹೊರಗೆ ವಿಮಾನದ ಒಡಲಿನಂತೆ ಬಾಗಿಸಿದ ಅಲ್ಯೂಮಿನಿಯಂ ತಗಡು. ತಗಡು ಬರೀ ಅಂದಕ್ಕೆ. ಕುಡಿಯುವ ದ್ರವ ಅದನ್ನು ಮುಟ್ಟುವುದಿಲ್ಲ. ರಿವೆಟ್ ಸಾಲಿಗೆ ವಿಮಾನದವರ ಲೆಕ್ಕವನ್ನೇ ಹಿಡಿದೆ. ರಿವೆಟ್ಟಿನ ದಪ್ಪ ಎಷ್ಟೋ ಅದರ ಎರಡರಷ್ಟಾದರೂ ದೂರ ಅಂಚಿನಿಂದ ಒಳಗಿರಬೇಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಡೇಪಕ್ಷ ಮೂರರಷ್ಟು ಅಂತರ ಇರಬೇಕು. ನನ್ನ ರಿವೆಟ್ಟು 3.2 ಮಿಲಿಮೀಟರಿನವು. ಅಂಚಿನಿಂದ 8 ಮಿಲಿಮೀಟರ್ ಬಿಟ್ಟು, 20 ಮಿಲಿಮೀಟರಿಗೊಂದರಂತೆ ತೂತು ಹಾಕಿದೆ. ಅಂಚಿಗೆ ತೀರ ಹತ್ತಿರ ತೂತು ಬಿದ್ದರೆ ತಗಡು ಹರಿಯುತ್ತದೆ.

ರಿವೆಟ್ ಬಡಿಯುವುದು ಒಬ್ಬರ ಕೆಲಸವಲ್ಲ. ಹೊರಗಿನಿಂದ ಒಬ್ಬರು ಬಡಿಯುವಾಗ ಒಳಗಿನಿಂದ ಇನ್ನೊಬ್ಬರು ಡಾಲಿ ಒತ್ತಿ ಹಿಡಿಯಬೇಕು. ಮಗಳು ಹಿಡಿದಳು. ಮೊದಲ ಹತ್ತು ವಕ್ರವಾದವು. ಕೊರೆದು ತೆಗೆದು ಮತ್ತೆ ಹಾಕಿದೆವು. ಸಾಲು ಮುಗಿಯುವ ಹೊತ್ತಿಗೆ ಏಟು ಬೀಳುವ ಕ್ಷಣ ಅವಳ ಕೈಗೇ ತಿಳಿಯುತ್ತಿತ್ತು. ನಾನು ಹೇಳಬೇಕಾಗಿಯೇ ಇರಲಿಲ್ಲ.

ಹಿಡಿಗಳನ್ನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಲೇತ್ ಅಂಗಡಿಯಲ್ಲಿ ಕಡೆಸಿದೆ. ಅಮೆರಿಕದ ಮಾದರಿಯ ಬಿಯರ್ ನಲ್ಲಿಗಳ ಹಿಡಿಗೆ ಎಂಟನೇ ಮೂರು ಅಂಗುಲದ ತಿರುಪು, ಅಂಗುಲಕ್ಕೆ 16 ಸುತ್ತು. ನಮ್ಮ ಹಳೆಯ ಲೇತ್ ಅಂಗಡಿಗಳಲ್ಲಿರುವ ಬ್ರಿಟಿಷ್ ಮಾದರಿಯ ಡೈ ಕೂಡ ಅದೇ ಅಳತೆಗೆ ಅಂಗುಲಕ್ಕೆ 16 ಸುತ್ತನ್ನೇ ಕೊಡುತ್ತದೆ, ಆದರೆ ಹಲ್ಲಿನ ಕೋನ 60 ಡಿಗ್ರಿಯ ಬದಲು 55 ಡಿಗ್ರಿ. ಅಂಗಡಿಯವರು ಹಿಡಿಯನ್ನು ಎರಡು ಸುತ್ತು ತಿರುಗಿಸಿ, ಬೆರಳಲ್ಲೇ ಬಿಗಿ ನೋಡಿ, "ಇದು ಬೇರೆ ಹಲ್ಲು ಸಾರ್, ಬಿಗಿದರೆ ಕಚ್ಚಿಕೊಳ್ಳುತ್ತೆ" ಎಂದು ಪಕ್ಕಕ್ಕಿಟ್ಟರು. ಕಣ್ಣಿಗೆ ಕಾಣದ ಐದು ಡಿಗ್ರಿ ಆ ಬೆರಳಿಗೆ ಸಿಕ್ಕಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಂಥ ಬೆರಳುಗಳು ಊರಲ್ಲಿ ಇನ್ನೂ ಇವೆ, ಅವಕ್ಕೆ ಕೆಲಸ ಕಡಿಮೆಯಾಗಿದೆ. ನಾನು ಈ ಲೇಖನ ಬರೆಯಲು ಕೂತದ್ದು ಮುಖ್ಯವಾಗಿ ಆ ಮಾತು ಹೇಳುವುದಕ್ಕೆ.

ಗುಜರಿಯಲ್ಲಿ ಹಳೆಯ ವಿಮಾನದ ಮಾಪಕ ಸಿಕ್ಕಿತೆಂದು ಹಿಗ್ಗುವವರಿಗೆ ಒಂದು ಎಚ್ಚರಿಕೆ. ಹಿಂದೆ ಕತ್ತಲಲ್ಲಿ ಹೊಳೆಯಲೆಂದು ಅಂಥ ಮಾಪಕಗಳ ಮುಳ್ಳಿಗೆ, ಅಂಕಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಆರಿದ್ದರೂ ವಿಕಿರಣ ಆರಿರುವುದಿಲ್ಲ. ಅವನ್ನು ಬಿಚ್ಚಬಾರದು, ಕೆರೆಯಬಾರದು, ಕುಡಿಯುವ ವಸ್ತುವಿನ ಬಳಿ ಇಡಲೇಬಾರದು. ವಿಮಾನದ ಹಳೆಯ ಎಣ್ಣೆ ಕೊಳವೆಗಳೂ ಅಷ್ಟೇ. ವಿಮಾನದ ರೂಪವನ್ನು ತರಬೇಕು, ವಿಮಾನದ ವಿಷವನ್ನಲ್ಲ. ನನ್ನ ಕಂಬದ ಮಾಪಕ ಹೊಸದು. ಅದರ ಮುಖವನ್ನು ಮಾತ್ರ ಆಲ್ಟಿಮೀಟರಿನಂತೆ ಬರೆಸಿದ್ದೇನೆ.

ಅಜ್ಜಿಯ ಕಲಾಯಿ ಪಾಠ

ಮೊದಲು ನಾನು ಕೊಂಡ ನಲ್ಲಿಗಳು ಥಳಥಳ ಹೊಳೆಯುತ್ತಿದ್ದವು. ಒಳಗೆ ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಮನೆಗೆ ತಂದು ಬಿಚ್ಚಿದಾಗ ಅಜ್ಜಿ ನೆನಪಾದರು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಅವರು ಹುಳಿ ಇಡುತ್ತಿರಲಿಲ್ಲ, ಮಜ್ಜಿಗೆಯನ್ನೂ ಇಡುತ್ತಿರಲಿಲ್ಲ. ಹುಳಿ ತಾಕಿದರೆ ಹಿತ್ತಾಳೆಯೊಳಗಿನ ತಾಮ್ರ ಬಿಡುತ್ತದೆ, ವಾಂತಿಯಾಗುತ್ತದೆ. ಸೋಡಾವೂ ಹುಳಿಯೇ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಕಾರ್ಬಾನಿಕ್ ಆಮ್ಲವಾಗುತ್ತದೆ, ರಾತ್ರಿಯಿಡೀ ನಲ್ಲಿಯಲ್ಲಿ ನಿಂತರೆ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಆ ನಲ್ಲಿಗಳನ್ನು ಎತ್ತಿಟ್ಟು, ದ್ರವ ಮುಟ್ಟುವ ಪ್ರತಿ ಭಾಗವನ್ನೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದನ್ನೇ ತಂದೆ. ಖರ್ಚು ಹೆಚ್ಚಾಯಿತು. ಈ ಒಂದು ಕಡೆ ಮಾತ್ರ ಉಳಿತಾಯ ನೋಡಬಾರದು.

ದ್ರವ ತುಂಬುವ 19 ಲೀಟರಿನ ಉದ್ದನೆಯ ಸ್ಟೀಲ್ ಡಬ್ಬಿಗೆ ಕೆಗ್ ಎನ್ನುತ್ತಾರೆ. ಹವ್ಯಾಸಿಗಳ ಮೆಚ್ಚಿನ ಈ ಡಬ್ಬಿ ಮೂಲತಃ ಬಿಯರಿನದಲ್ಲ. ತಂಪು ಪಾನೀಯದ ಕಂಪನಿಗಳು ಅಂಗಡಿಗಳಿಗೆ ಸಿರಪ್ ಕಳಿಸುತ್ತಿದ್ದ ಡಬ್ಬಿ ಅದು. ಅವರು ಪ್ಲಾಸ್ಟಿಕ್ ಚೀಲಕ್ಕೆ ಬದಲಾದ ಮೇಲೆ ಮನೆಬಿಯರಿನವರ ಕೈಸೇರಿತು. ನಮ್ಮ ಜಗಲಿಯಲ್ಲಿ ಅದು ಮತ್ತೆ ತಂಪು ಪಾನೀಯಕ್ಕೇ ಮರಳಿದೆ. ಕೆಗ್‌ಗಳು ಮೇಲೆ ಬಾಗಿಲಿರುವ ಫ್ರೀಜರ್ ಪೆಟ್ಟಿಗೆಯಲ್ಲಿ ಕೂತಿವೆ. ಬೇರೆ ಥರ್ಮೋಸ್ಟಾಟ್ ಹಾಕಿ ಅದನ್ನು 4 ಡಿಗ್ರಿಗೆ ನಿಲ್ಲಿಸಿದ್ದೇನೆ. ಗೋಡೆಯೊಳಗೆ ತಂಪು ಅನಿಲದ ಕೊಳವೆಗಳು ಓಡಾಡುವುದರಿಂದ ಅಲ್ಲಿ ತೂತು ಹಾಕದೆ, ಬಾಗಿಲಿನ ಮೂಲಕ ಕಂಬವನ್ನು ಏರಿಸಿದೆ.

ನೊರೆ ಕಲಿಸಿದ ಲೆಕ್ಕ

ಮೊದಲ ದಿನ ನಲ್ಲಿ ತೆರೆದಾಗ ಲೋಟದ ತುಂಬ ನೊರೆ. ತಳದಲ್ಲಿ ನಾಲ್ಕು ಗುಟುಕು ಶುಂಠಿ ನೀರು. ಕಾರಣ ಎರಡು.

ಒಂದು, ಕೊಳವೆಯ ಉದ್ದ. ಕೆಗ್‌ನಲ್ಲಿರುವ ಒತ್ತಡ ನಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಸವೆಯಬೇಕು. ಹದಿನಾರನೇ ಮೂರು ಅಂಗುಲ ಒಳಬಾಯಿಯ ಕೊಳವೆಯಲ್ಲಿ ಅಡಿಗೆ ಸುಮಾರು 2 ಪೌಂಡ್ ಒತ್ತಡ ಸವೆಯುತ್ತದೆ. ಬಿಯರಿಗೆ 12 ಪೌಂಡ್ ಸಾಕು, ಆರೆಂಟು ಅಡಿ ಕೊಳವೆ ಸಾಕು. ಸೋಡಾಕ್ಕೆ 30 ಪೌಂಡ್ ಬೇಕು. ನಾನು ಬಿಯರಿನ ಅಳತೆಯಲ್ಲಿ ಕತ್ತರಿಸಿದ್ದೆ. 20 ಅಡಿ ಕೊಳವೆಯನ್ನು ಸುರುಳಿ ಸುತ್ತಿ ಪೆಟ್ಟಿಗೆಯೊಳಗೇ ಇಟ್ಟ ಮೇಲೆ ನೊರೆ ಅರ್ಧಕ್ಕಿಳಿಯಿತು.

ಎರಡು, ಕಂಬದ ಬಿಸಿ. ಪೆಟ್ಟಿಗೆ ತಣ್ಣಗಿದ್ದರೂ ಏಪ್ರಿಲ್ ಬಿಸಿಲಿಗೆ ಕಂಬ ಕಾದಿರುತ್ತದೆ. ತಣ್ಣನೆ ಸೋಡಾ ಬೆಚ್ಚನೆ ಲೋಹವನ್ನು ಮುಟ್ಟಿದ ಕೂಡಲೇ ಕರಗಿದ್ದ ಅನಿಲ ಹೊರಗೆ ಹಾರುತ್ತದೆ. ಕಂಪ್ಯೂಟರಿನ 12 ವೋಲ್ಟಿನ ಸಣ್ಣ ಫ್ಯಾನ್ ಒಂದನ್ನು ಪೆಟ್ಟಿಗೆಯಲ್ಲಿಟ್ಟು, ತಂಪು ಗಾಳಿಯನ್ನು ಕಂಬದ ತುದಿಯವರೆಗೆ ಊದಿಸಿದೆ. ಗಣಿಯಲ್ಲಿ ತಂಪನ್ನು ಮೂರು ಕಿಲೋಮೀಟರ್ ಕೆಳಗಿಳಿಸಿದ್ದರು, ನಾನು ಒಂದೂವರೆ ಅಡಿ ಮೇಲೇರಿಸಿದೆ. ನೊರೆ ಹದಕ್ಕೆ ಬಂತು.

ಮೂರನೆಯ ಲೆಕ್ಕ ನನಗೆ ತುಂಬ ಪ್ರೀತಿಯದು. ಆಲ್ಟಿಮೀಟರ್ ಎಂದರೆ ಮೂಲದಲ್ಲಿ ಗಾಳಿಯ ಒತ್ತಡ ಅಳೆಯುವ ಉಪಕರಣ. ಮೇಲೆ ಹೋದಂತೆ ಒತ್ತಡ ತಗ್ಗುತ್ತದೆ, ಅದನ್ನೇ ಎತ್ತರವೆಂದು ಓದುತ್ತಾರೆ. ಸಮುದ್ರಮಟ್ಟದಲ್ಲಿ 1013 ಮಿಲಿಬಾರ್ ಇರುವ ಒತ್ತಡ, ಸುಮಾರು 800 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ 920ರ ಹತ್ತಿರ. ಕೆಗ್‌ಗೆ ಇಂಗಾಲದ ಡೈಆಕ್ಸೈಡ್ ಕೊಡುವ ಸಿಲಿಂಡರಿನ ಮಾಪಕ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಆದ್ದರಿಂದ ಮಂಗಳೂರಿನಲ್ಲಿ 30 ಪೌಂಡಿಗೆ ಏರುವ ಗುಳ್ಳೆ ಬೇತಮಂಗಲದಲ್ಲಿ ಏರಬೇಕಾದರೆ ಒಂದು ಪೌಂಡಿಗಿಂತ ತುಸು ಹೆಚ್ಚು ಸೇರಿಸಬೇಕು. ಪೈಲಟ್ ಓದುವ ಪಾಠವನ್ನೇ ಸೋಡಾದವನೂ ಓದಬೇಕು. ಕಂಬಕ್ಕೆ ಆಲ್ಟಿಮೀಟರಿನ ಮುಖ ಬರೆಸಿದ್ದು ಇದೇ ಕಾರಣಕ್ಕೆ.

ಇನ್ನೊಂದು ಮಾತು. ಪೈಲಟ್ ಕಪ್ಪು ಹಿಡಿಯನ್ನು ಹದ ನೋಡಿ ಸ್ವಲ್ಪಸ್ವಲ್ಪವೇ ಮುಂದಕ್ಕೆ ತಳ್ಳುತ್ತಾನೆ. ಇಲ್ಲಿ ಹಾಗೆ ಮಾಡಬಾರದು. ಒಂದೇ ಸಲಕ್ಕೆ ಪೂರ್ತಿ ನಮ್ಮತ್ತ ಎಳೆಯಬೇಕು. ಅರ್ಧ ತೆರೆದ ನಲ್ಲಿ ನೊರೆ ಕಕ್ಕುತ್ತದೆ. ಅನಿಲದ ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ರೆಗ್ಯುಲೇಟರ್ ಇಲ್ಲದೆ ಕೆಗ್‌ಗೆ ಕೂಡಿಸಲೇಬಾರದು. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಸೇರಿಕೊಂಡು ಉಸಿರು ಕಟ್ಟಿಸುತ್ತದೆ. ಅದಕ್ಕೇ ಕಂಬವನ್ನು ಕೋಣೆಯಲ್ಲಿಡದೆ ತೆರೆದ ಜಗಲಿಯಲ್ಲಿಟ್ಟೆ. ಎರಡು ವಾರಕ್ಕೊಮ್ಮೆ ಕೊಳವೆ ತೊಳೆಯುವುದನ್ನು ತಪ್ಪಿಸುವುದಿಲ್ಲ.

ಶುಂಠಿಯ ಹಳೆಯ ನೆಂಟಸ್ತನ

ಬೆಂಗಳೂರಿಗೆ ಬಿಯರಿನ ದೊಡ್ಡ ಚರಿತ್ರೆಯಿದೆ. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣದ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಆಗ ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಸಾಗುತ್ತಿದ್ದವು. 2011ರಲ್ಲಿ ಲ್ಯಾವೆಲ್ ರಸ್ತೆಯಲ್ಲಿ ದಿ ಬಿಯರ್ ಕ್ಲಬ್ ಬಾಗಿಲು ತೆರೆದ ಮೇಲೆ ಕಣ್ಣೆದುರೇ ಬಿಯರ್ ಕುದಿಸುವ ಅಂಗಡಿಗಳ ಕಾಲ ಬಂತು.

ಕೆಜಿಎಫ್‌ನ ಮನೆಗಳಲ್ಲಿ ಹಬ್ಬದ ಪಾನೀಯ ಬೇರೆ. ಕ್ರಿಸ್‌ಮಸ್ ಹತ್ತಿರ ಬಂದರೆ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಶುಂಠಿ ವೈನ್ ಕಾಯಿಸುತ್ತಾರೆ. ಹೆಸರು ವೈನ್ ಆದರೂ ಅದರಲ್ಲಿ ಮದ್ಯದ ಅಂಶವಿಲ್ಲ. ಶುಂಠಿ, ಸಕ್ಕರೆ, ಚಕ್ಕೆ, ನಿಂಬೆಯ ಘಮ. ಕೆಜಿಎಫ್‌ನಲ್ಲೇ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಈ ಸಮುದಾಯದ ಅಡುಗೆಗಳನ್ನು ಒಂದರ ಹಿಂದೊಂದು ಪುಸ್ತಕದಲ್ಲಿ ಕಾಪಿಟ್ಟಿದ್ದಾರೆ. ನನ್ನ ಕಪ್ಪು ಹಿಡಿಯ ಸೋಡಾ ಅದರ ತಂಗಿ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಶುಂಠಿ ಜಜ್ಜಿ, ಮುಕ್ಕಾಲು ಕಿಲೋ ಬೆಲ್ಲ, ಎರಡು ತುಂಡು ಚಕ್ಕೆ ಹಾಕಿ ಕುದಿಸಿ, ಆರಿಸಿ, ಸೋಸಿ, ಹತ್ತು ನಿಂಬೆಯ ರಸ ಹಿಂಡುತ್ತೇನೆ. ತಂಪು ಕೆಗ್‌ನಲ್ಲಿ ಮೂರು ದಿನ ಅನಿಲದ ಒತ್ತಡದಲ್ಲಿ ಇಟ್ಟರೆ ಗುಳ್ಳೆ ಹಿಡಿಯುತ್ತದೆ. ಯೀಸ್ಟ್ ಹಾಕದೆ ಸಿಲಿಂಡರಿನಿಂದ ಅನಿಲ ಕೊಟ್ಟು ತಂಪಿನಲ್ಲೇ ಇಡುವುದರಿಂದ ಅದು ಹುದುಗುವುದಿಲ್ಲ, ಮದ್ಯವಾಗುವುದಿಲ್ಲ. ಮಕ್ಕಳೂ ಕುಡಿಯಬಹುದು.

ಎಲ್ಲ ಕೂಡಿಸಿದ ದಿನ ಮೊದಲು ತುಂಬಿದ್ದು ಬರೀ ನೀರು. ಕೊಳವೆ ಸೋರುತ್ತದೋ ಎಂದು ನೋಡಲು ತಾತ ಸೋಪಿನ ನೀರು ಸವರುತ್ತಿದ್ದರು. "ಗುಳ್ಳೆ ಬಂದ ಕಡೆ ನಿನ್ನ ಕೆಲಸ ಇನ್ನೂ ಬಾಕಿ ಇದೆ ಮಗಾ" ಎನ್ನುತ್ತಿದ್ದರು. ಮಗಳು ಬ್ರಷ್ ಹಿಡಿದು ಪ್ರತಿ ಜೋಡಣೆಗೂ ಸವರಿದಳು. ಒಂದು ಕಡೆ ಸಣ್ಣಗೆ ಗುಳ್ಳೆ ಎದ್ದಿತು. ಸ್ಪ್ಯಾನರ್ ಅವಳೇ ಎತ್ತಿಕೊಂಡು ಕಾಲು ಸುತ್ತು ಬಿಗಿದು, ಮತ್ತೆ ಸವರಿ, ಬಗ್ಗಿ ನೋಡಿದಳು. ಗುಳ್ಳೆ ಏಳಲಿಲ್ಲ. ಮೂರು ದಿನ ಕಳೆದು ಕಪ್ಪು ಹಿಡಿ ಎಳೆದಾಗ, ಎಲ್ಲ ಗುಳ್ಳೆಯೂ ಲೋಟದಲ್ಲೇ ಇತ್ತು.