ಸೇತುವೆಯ ರಬ್ಬರ್ ಬೇರಿಂಗ್: ಬಾಳಿಕೆಯನ್ನು ಅಳೆಯುವ ಬಗೆ

ಗಂಗಾವತಿಯ ಗಿರಣಿಗಳ ಅಕ್ಕಿ, ಕುಷ್ಟಗಿ-ಯಲಬುರ್ಗಾ ಭಾಗದ ಮೆಕ್ಕೆಜೋಳ ಮತ್ತು ಕಡಲೆ, ಕೊಪ್ಪಳದ ಕಾರ್ಖಾನೆಗಳ ಉಕ್ಕು ಇವೆಲ್ಲವೂ ಬಹುಪಾಲು ಲಾರಿಯನ್ನೇ ನೆಚ್ಚಿವೆ. ತುಂಗಭದ್ರಾ ಜಲಾಶಯದಿಂದ ಹೆಚ್ಚಿನ ನೀರು ಹರಿಸಿದಾಗ ಗಂಗಾವತಿ-ಕಂಪ್ಲಿ ಸೇತುವೆ ಮುಳುಗಿ, ಸುತ್ತುದಾರಿಯ ಡೀಸೆಲ್ ವೆಚ್ಚ ಬಾಡಿಗೆಗೆ ಸೇರುವುದನ್ನು ನಮ್ಮ ವರ್ತಕರು ಕಂಡಿದ್ದಾರೆ. ಪ್ರವಾಹವಾದರೋ ಇಳಿಯುತ್ತದೆ. ಬೇರಿಂಗ್ ಕೆಟ್ಟರೆ ಗರ್ಡರುಗಳನ್ನು ಹೈಡ್ರಾಲಿಕ್ ಜ್ಯಾಕಿನಿಂದ ಎತ್ತಬೇಕು, ಸಂಚಾರವನ್ನೂ ನಿರ್ಬಂಧಿಸಬೇಕಾಗುತ್ತದೆ.

ಕಂಬದ ತಲೆಗೂ ಗರ್ಡರಿಗೂ ನಡುವೆ ಇರುವ ಈ ದಿಂಡು, ಉಕ್ಕಿನ ತೆಳು ತಗಡುಗಳನ್ನು ಒಳಗಿಟ್ಟು ಎರಕ ಹೊಯ್ದ ರಬ್ಬರು. 25 ಮೀಟರ್ ಉದ್ದದ ಕಾಂಕ್ರೀಟ್ ಗರ್ಡರು 30 ಡಿಗ್ರಿ ಉಷ್ಣಾಂಶ ವ್ಯತ್ಯಾಸಕ್ಕೆ ಸುಮಾರು 9 ಮಿ.ಮೀ. ಹಿಗ್ಗಿ ಕುಗ್ಗುತ್ತದೆ, ರಬ್ಬರು ಓರೆಯಾಗಿ ಬಾಗಿ ಅದನ್ನು ತಾಳಿಕೊಳ್ಳುತ್ತದೆ. ಈ ಓರೆ ರಬ್ಬರಿನ ಒಟ್ಟು ದಪ್ಪಕ್ಕೆ ತಕ್ಕ ಮಿತಿಯನ್ನು ಮೀರಬಾರದೆಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮ.

ರಬ್ಬರೆಂದರೆ ಬೇಗ ಹಾಳಾಗುವ ವಸ್ತುವೆಂಬ ಅನುಮಾನ ವರ್ತಕರಲ್ಲಿ ಸಹಜ. ಆದರೆ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 1889ರಲ್ಲಿ ರೈಲ್ವೆ ಮೇಲ್ಸೇತುವೆಗೆ ಹಾಕಿದ್ದ ನೈಸರ್ಗಿಕ ರಬ್ಬರಿನ ಹಾಳೆಗಳನ್ನು ಶತಮಾನದ ಸಮೀಪಕ್ಕೆ ಪರೀಕ್ಷಿಸಿದಾಗ, ಕೆಟ್ಟಿದ್ದುದು ಹೊರಮೈಯ ತೆಳು ಪದರ ಮಾತ್ರ. ಗಾಳಿಯ ಆಮ್ಲಜನಕ ಮತ್ತು ಓಝೋನ್ ಅಂಚಿನಿಂದಲೇ ಆಕ್ರಮಿಸುತ್ತವೆ. ದಪ್ಪ ದಿಂಡಿನ ಒಳಭಾಗಕ್ಕೆ ಬಹುಕಾಲ ತಲುಪಲಾರವು. ಹಾಗಾಗಿ ಅಂಚಿನ ಸಣ್ಣ ಬಿರುಕು ಕಂಡೊಡನೆ ಗಾಬರಿಯಾಗಬೇಕಿಲ್ಲ. ನಿಜವಾದ ರೋಗಲಕ್ಷಣಗಳು ಬೇರೆ: ಒಂದೇ ಪಕ್ಕಕ್ಕೆ ಉಬ್ಬುವುದು, ತಗಡು ರಬ್ಬರಿನಿಂದ ಬಿಡಿಸಿಕೊಂಡು ತುಕ್ಕು ಕಾರುವುದು, ದಿಂಡು ತನ್ನ ಸ್ಥಾನದಿಂದ ಜಾರುವುದು. ಪೀಠ ಸಮತಟ್ಟಾಗಿಲ್ಲದಿರುವುದು, ಕಂಬದ ತಲೆಯ ಮೇಲೆ ಮಣ್ಣು-ನೀರು ನಿಲ್ಲುವುದು ಇವಕ್ಕೆ ಎಡೆ ಮಾಡಿಕೊಡುತ್ತವೆ. ನೆರೆ ಇಳಿದ ಬಳಿಕ ಅಲ್ಲಿ ಕೂರುವ ಹೂಳನ್ನು ತೆಗೆಯುವುದು ದೊಡ್ಡ ಖರ್ಚಿನ ಕೆಲಸವೇನಲ್ಲ; ಕಣ್ಣಿಗೆ ಬೀಳದ ಜಾಗವಾದ್ದರಿಂದ ಉಳಿದುಬಿಡುತ್ತದೆ.

ಬಾಳಿಕೆಯ ಮೌಲ್ಯಮಾಪನಕ್ಕೆ ಮೊದಲ ದಿನದ ಅಳತೆ ಅತ್ಯವಶ್ಯ. ಸೇತುವೆ ಸಂಚಾರಕ್ಕೆ ತೆರೆಯುವಾಗ ಪ್ರತಿ ಬೇರಿಂಗಿನ ನಾಲ್ಕು ಮೂಲೆಯ ಎತ್ತರ, ಓರೆ, ಅಂದಿನ ಉಷ್ಣಾಂಶ ಇವನ್ನು ಬರೆದಿಡದಿದ್ದರೆ, ಹತ್ತು ವರ್ಷಗಳ ನಂತರದ ಅಳತೆಯನ್ನು ಯಾವುದಕ್ಕೆ ಹೋಲಿಸುವುದು? ಮಾಘದ ಮುಂಜಾವಿನ ಓರೆಯನ್ನು ವೈಶಾಖದ ಮಧ್ಯಾಹ್ನದ ಓರೆಯೊಡನೆ ಹೋಲಿಸಿದರೆ ನಿರೋಗಿ ಬೇರಿಂಗೂ ಕೆಟ್ಟಂತೆ ತೋರೀತು.

ರಬ್ಬರ್ ಅಚ್ಚಿನ ಸಣ್ಣ ಘಟಕಗಳಿಗೂ ಇಲ್ಲಿ ಪಾತ್ರವಿದೆ. ನಿಯೋಪ್ರೀನ್ ದಿಂಡಿನ ಗಡಸುತನ 60ಕ್ಕಿಂತ 5 ಅಂಶ ಹೆಚ್ಚು ಅಥವಾ ಕಡಿಮೆ ಇರಬಹುದು; ಅದನ್ನು ಕೈಯಲ್ಲಿ ಹಿಡಿಯುವ ಉಪಕರಣದಿಂದಲೇ ನೋಡಬಹುದು. ಆದರೆ ಅಗ್ಗದ ಪುನರ್ಬಳಕೆ ರಬ್ಬರು ಬೆರೆಸಿದ್ದನ್ನು ಗಡಸುತನವೊಂದೇ ಬಯಲಿಗೆಳೆಯದು. ಬಿಸಿಯಲ್ಲಿ ಹಣ್ಣು ಮಾಡುವ ಪರೀಕ್ಷೆ, ತಗಡಿನ ಅಂಟುವಿಕೆಯ ಪರೀಕ್ಷೆ ಎರಡೂ ಬೇಕು. ಪ್ರತಿ ತಂಡದ ಒಂದು ಮಾದರಿ ದಿಂಡನ್ನು ಸಂಖ್ಯೆ ಹಾಕಿ ನೆರಳಿನಲ್ಲಿ ಕಾದಿರಿಸಿದ ತಯಾರಕನಿಗೆ, ಮುಂದೊಂದು ದಿನ ಸೇತುವೆಯಿಂದ ಬಿಚ್ಚಿ ತಂದ ದಿಂಡನ್ನು ಅದರ ಪಕ್ಕದಲ್ಲಿಟ್ಟು, ದೋಷ ಮಾಲಿನದೋ ಜೋಡಣೆಯದೋ ಎಂದು ತೋರಿಸಿಕೊಡಲು ಸಾಧ್ಯವಾಗುತ್ತದೆ.