ಅಪ್ಪನ ಮೊಣಕಾಲು, ಕಾರಿನ ಆಯಿಲ್ ಮತ್ತು ಒಂದು ಪುಟ್ಟ ವಾಲ್ವ್

ನಮ್ಮ ಮನೆಯಲ್ಲಿ ಕಾರಿನ ಎಂಜಿನ್ ಆಯಿಲ್ ಬದಲಿಸೋದು ಅಂದ್ರೆ ಒಂದು ಸಣ್ಣ ಹಬ್ಬ. ಹಾಸನದ ಮನೆಯಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಅಪ್ಪ ಕಾರಿನ ಕೆಳಗೆ ನುಗ್ಗೋರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಸ್ಪ್ಯಾನರ್ ಅಂದ್ರೆ ಸ್ಪ್ಯಾನರ್, ಬಟ್ಟೆ ಅಂದ್ರೆ ಬಟ್ಟೆ ಕೊಡ್ತಿದ್ದೆ. ಈಗ ಬೆಂಗಳೂರಲ್ಲಿ ಕೋಡ್ ಬರೆಯುತ್ತೇನೆ. ಆದರೂ ವರ್ಷಕ್ಕೊಮ್ಮೆ ಈ ಕೆಲಸಕ್ಕೆ ಅಂತಲೇ ಕಾರು ತೆಗೆದುಕೊಂಡು ಊರಿಗೆ ಹೋಗುತ್ತೇನೆ.

ಹೋದ ವರ್ಷ ಅಪ್ಪ ಕಾರಿನ ಕೆಳಗಿಂದ ಹೊರಬರಲು ಒದ್ದಾಡಿಬಿಟ್ಟರು. ಬಿಸಿ ಆಯಿಲ್ ಮೊಣಕೈವರೆಗೂ ಇಳಿದಿತ್ತು. ಡ್ರೈನ್ ಪ್ಲಗ್ ಕೈಜಾರಿ ಟ್ರೇಯೊಳಗೆ ಮುಳುಗಿತ್ತು. ಜಗುಲಿ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಾ, "ಇನ್ನು ನನ್ನ ಕೈಲಾಗಲ್ಲ ಕಣೋ. ಹೊರಗೆ ಕೊಟ್ಬಿಡು" ಅಂದರು. ಯಾವತ್ತೂ ಹಾಗೆ ಹೇಳಿದವರೇ ಅಲ್ಲ.

"ನಾನು ಮಾಡ್ತೀನಿ ಬಿಡಿ ಅಪ್ಪ" ಅನ್ನೋಕೂ ಬಾಯಿರಲಿಲ್ಲ. ಹಿಂದೊಮ್ಮೆ ನಾನೇ ಮಾಡಲು ಹೋಗಿ, ಸೋರದಿರಲಿ ಅಂತ ಪ್ಲಗ್ಗನ್ನು ಮೈಬಲವೆಲ್ಲ ಹಾಕಿ ಬಿಗಿದಿದ್ದೆ. ಸಂಪ್‌ನ ಥ್ರೆಡ್ಡೇ ಕಿತ್ತುಹೋಯಿತು. ಆಯಿಲ್ ತೊಟ್ಟಿಕ್ಕೋಕೆ ಶುರುವಾಗಿ, ಕೊನೆಗೆ ಸಂಪನ್ನೇ ಬದಲಿಸಬೇಕಾಯಿತು. ಅಂದಿನಿಂದ ಆ ಪ್ಲಗ್ ಮುಟ್ಟಲು ನನಗೆ ಪರವಾನಗಿ ಇಲ್ಲ!

ಹಾಗೆ ಹುಡುಕುತ್ತಾ ಸಿಕ್ಕಿದ್ದು ಆಯಿಲ್ ಡ್ರೈನ್ ವಾಲ್ವ್. ಹೆಸರು ದೊಡ್ಡದು, ವಸ್ತು ಹೆಬ್ಬೆರಳಿನಷ್ಟು. ಡ್ರೈನ್ ಪ್ಲಗ್ ಇರುವ ಜಾಗದಲ್ಲಿ ಇದನ್ನು ಕೂರಿಸಿಬಿಡೋದು. ಒಳಗೊಂದು ತೂತಿರುವ ಗುಂಡು, ಹೊರಗೊಂದು ಪುಟ್ಟ ಲಿವರ್. ಲಿವರ್ ಕಾಲು ಸುತ್ತು ತಿರುಗಿಸಿದರೆ ಆಯಿಲ್ ಹರಿಯುತ್ತದೆ, ವಾಪಸ್ ತಿರುಗಿಸಿದರೆ ನಿಲ್ಲುತ್ತದೆ. ಗ್ಯಾಸ್ ಸಿಲಿಂಡರಿನ ಪಕ್ಕ ನಲ್ಲಿಯಂತೆ ತಿರುವುತ್ತೀವಲ್ಲ, ಹೆಚ್ಚುಕಮ್ಮಿ ಹಾಗೇ. ಜಪಾನಿನ ಫುಮೋಟೋ ಕಂಪನಿಯ ವಾಲ್ವ್ ಈ ಪೈಕಿ ಹೆಸರುವಾಸಿ. ಮೂತಿ ಇರುವ ಮಾದರಿ ತೆಗೆದುಕೊಂಡರೆ ಅದಕ್ಕೆ ಪೈಪ್ ಸಿಕ್ಕಿಸಿ, ಆಯಿಲನ್ನು ನೇರವಾಗಿ ಖಾಲಿ ಕ್ಯಾನಿಗೇ ಇಳಿಸಬಹುದು.

ನನಗೆ ಇಷ್ಟವಾಗಿದ್ದು ಬೇರೆಯೇ. ವಾಲ್ವ್ ಒಮ್ಮೆ ಕೂತರೆ ಆ ಥ್ರೆಡ್ಡಿನ ತಂಟೆಗೆ ಮತ್ತೆ ಹೋಗಬೇಕಿಲ್ಲ. ಪ್ರತಿ ಸಲ ಹೊಸ ವಾಷರ್ ಹಾಕೋ ರಗಳೆಯೂ ಇಲ್ಲ.

ಆದರೆ ಆರ್ಡರ್ ಮಾಡುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ.

ಮೊದಲನೆಯದು ಅಳತೆ. ನಮ್ಮ ಕಾರಿನ ಪ್ಲಗ್ ಎಂ 14, ಪಿಚ್ 1.5. ಟೊಯೋಟಾದ ಅನೇಕ ಕಾರುಗಳಲ್ಲಿ ಎಂ 12, ಪಿಚ್ 1.25. ಅಂದಾಜಿನ ಮೇಲೆ ತರಿಸಿದರೆ ನನ್ನ ಹಾಗೆ ಥ್ರೆಡ್ ಕಳಕೊಳ್ತೀರಿ.

ಎರಡನೆಯದು ನಮ್ಮ ರಸ್ತೆಯ ಹಂಪ್‌ಗಳು. ವಾಲ್ವ್ ಪ್ಲಗ್ಗಿಗಿಂತ ಕೆಳಗೆ ಚಾಚಿಕೊಂಡಿರುತ್ತದೆ. ಹಂಪ್ ತಾಗಿ ಮುರಿದರೆ ಆಯಿಲೆಲ್ಲ ರಸ್ತೆಪಾಲು, ಗಮನಿಸದೆ ಓಡಿಸಿದರೆ ಎಂಜಿನ್ನೂ ಹೋಯಿತು. ನಾನು ಸ್ಕೇಲ್ ಹಿಡಿದು ಅಳೆದೆ. ನಮ್ಮ ಕಾರಿನಲ್ಲಿ ಸಂಪ್‌ಗಿಂತ ಕೆಳಗೆ ಕ್ರಾಸ್ ಮೆಂಬರ್ ಇದೆ, ವಾಲ್ವ್ ಅದರ ಮರೆಯಲ್ಲೇ ಉಳಿಯುತ್ತದೆ. ನಿಮ್ಮ ಕಾರಿನಲ್ಲಿ ಸಂಪೇ ಎಲ್ಲಕ್ಕಿಂತ ಕೆಳಗಿದ್ದರೆ ಈ ಆಸೆ ಬಿಟ್ಟುಬಿಡಿ.

ಮೂರನೆಯದು ವಾರಂಟಿ. ಅದು ಮುಗಿಯುವವರೆಗೆ ಸರ್ವಿಸ್ ಸೆಂಟರಿಗೇ ಕೊಡೋದು ಜಾಣತನ.

ವಾಲ್ವನ್ನು ಕೂರಿಸಿದ್ದು ಈ ಸಲದ ಆಯಿಲ್ ಬದಲಾವಣೆಯಲ್ಲೇ. ಹಳೇ ಪ್ಲಗ್ ಬಿಚ್ಚಿ, ಜಾಗ ಒರೆಸಿ, ಜೊತೆಗೆ ಬಂದ ಗ್ಯಾಸ್ಕೆಟ್ ಹಾಕಿ, ಮೊದಲು ಕೈಯಲ್ಲೇ ತಿರುಗಿಸಿದೆ. ವಾಲ್ವ್ ಹಿತ್ತಾಳೆಯದು, ಉಕ್ಕಿನ ಪ್ಲಗ್ಗಿನಷ್ಟು ಬಿಗಿ ತಡೆಯಲ್ಲ. ಟಾರ್ಕ್ ರೆಂಚ್ ಹಿಡಿದು ಚೀಟಿಯಲ್ಲಿ ಬರೆದಷ್ಟೇ ಬಿಗಿದೆ. ಅಪ್ಪ ಸ್ಟೂಲ್ ಮೇಲೆ ಕೂತು, "ಸಾಕು, ಸಾಕು" ಅಂತಲೇ ಇದ್ದರು. ಲಿವರ್ ತಾನಾಗಿ ತಿರುಗದ ಹಾಗೆ ಕ್ಲಿಪ್ ಸಿಕ್ಕಿಸಿದ ಮೇಲೇ ಕಾರಿನ ಕೆಳಗಿಂದ ಎದ್ದಿದ್ದು.

ಆಮೇಲೆ ಹೊಸ ಫಿಲ್ಟರ್ ಹಾಕಿ, ಮೂರು ಲೀಟರಿನಷ್ಟು ಹೊಸ ಆಯಿಲ್ ತುಂಬಿ, ಎಂಜಿನ್ ಸ್ಟಾರ್ಟ್ ಮಾಡಿ ಟಾರ್ಚ್ ಬಿಟ್ಟು ನೋಡಿದೆ. ಒಂದು ಹನಿ ಸೋರಲಿಲ್ಲ.

ಇದರಿಂದ ಎಲ್ಲ ಕಷ್ಟವೂ ಮುಗೀತು ಅಂತಲ್ಲ. ಫಿಲ್ಟರ್ ಬಿಚ್ಚಲು ಕೆಳಗೆ ಹೋಗಲೇಬೇಕು. ಹೋಗುವಾಗ ರ‍್ಯಾಂಪ್ ಅಥವಾ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ, ಅದು ಜಾರಿದರೆ ಜೀವವೇ ಹೋಗುತ್ತದೆ. ವಾಲ್ವ್‌ನ ರಂಧ್ರ ಸಣ್ಣದಾದ್ದರಿಂದ ಆಯಿಲ್ ನಿಧಾನವಾಗಿ ಇಳಿಯುತ್ತದೆ, ತಳದಲ್ಲಿ ಸ್ವಲ್ಪ ಉಳಿಯಲೂಬಹುದು. ಎಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಇಳಿಸಿದರೆ ಬೇಗ ಆಗುತ್ತದೆ. ಹಳೇ ಆಯಿಲನ್ನು ಮೋರಿಗೆ ಸುರಿಯಬೇಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ಮುಚ್ಚಿಟ್ಟು, ಹಳೇ ಆಯಿಲನ್ನು ರೀಸೈಕ್ಲಿಂಗ್‌ಗೆ ಕಳಿಸುವ ವರ್ಕ್‌ಶಾಪಿಗೆ ಕೊಡಿ.

ವರ್ಷಕ್ಕೊಂದು ಸಲದ ಕೆಲಸಕ್ಕೆ ಇಷ್ಟೆಲ್ಲ ಬೇಕಾ ಅಂತ ನನ್ನ ಹೆಂಡತಿಯೂ ಕೇಳಿದಳು. ಲೆಕ್ಕ ಹಾಕಿದರೆ ಬೇಡವೇನೋ. ಆದರೆ "ನನ್ನ ಕೈಲಾಗಲ್ಲ" ಅಂದಿದ್ದ ಅಪ್ಪ ಈ ಸಲ ಕಾರನ್ನು ಸಮತಟ್ಟಾದ ಜಾಗಕ್ಕೆ ತರಿಸಿ, ತಾವೇ ಡಿಪ್‌ಸ್ಟಿಕ್ ಎಳೆದು, ಕನ್ನಡಕ ಏರಿಸಿ ಎರಡೆರಡು ಸಲ ನೋಡಿದರು. "ಸರಿಯಾಗಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದರು, "ಇನ್ಮೇಲೆ ಸುಲಭ ಆಯ್ತಲ್ಲ, ಬೆಂಗಳೂರಲ್ಲೇ ಮಾಡ್ಕೋತೀಯೇನೋ?"

"ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಬಿಡಲ್ಲ ಅಪ್ಪ" ಅಂದೆ.

ಬಿಡ್ತಾರೋ ಇಲ್ವೋ, ನಾನಿನ್ನೂ ಕೇಳಿಲ್ಲ. ಕೇಳೋದೂ ಇಲ್ಲ.